ಭಾವನ ಮುಖ ತಿಂದ ಹಸು

ಗೋಡೆಗೂ ಕಿವಿಯುಂಟು ಅನ್ನುತ್ತಾರೆ. ನಮ್ಮ ಚಿಂತಾಮಣಿಯ ಗೋಡೆಗಳಿಗೆ ಕಿವಿ ಇದೆಯೋ ಇಲ್ಲವೋ ನಾನು ಕಾಣೆ, ಮುಖಗಳಂತೂ ಬೇಕಾದಷ್ಟಿವೆ. ಬಸ್ ಸ್ಟ್ಯಾಂಡಿನಿಂದ ನಮ್ಮ ಬೀದಿಗೆ ನಡೆದು ಬರುವಷ್ಟರಲ್ಲಿ ಗುರುತು ಪರಿಚಯ ಇಲ್ಲದ ಎಷ್ಟೋ ಜನ ಗೋಡೆಯ ಮೇಲಿಂದ ಕೈ ಮುಗಿಯುತ್ತಾರೆ. ಯಾವನಿಗೋ ಹುಟ್ಟುಹಬ್ಬ, ಅವನ ಸುತ್ತ ಶುಭ ಕೋರುವ ಒಂದು ದಂಡು, ದಂಡಿಗೆಲ್ಲ ಕಪ್ಪು ಕನ್ನಡಕ. ಪಕ್ಕದಲ್ಲಿ ಮೂಲವ್ಯಾಧಿಗೆ ಶಾಶ್ವತ ಪರಿಹಾರ. ಅದರ ಅರ್ಧ ಮುಚ್ಚಿಕೊಂಡು ಸೈಟುಗಳ ಜಾಹೀರಾತು. ಕಡಿದು ಹಾಕಿದ ಮಾವಿನ ತೋಪಿನ ಹೆಸರನ್ನೇ ಬಡಾವಣೆಗೆ ಇಟ್ಟಿರುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಮಳೆ ಬಂದರೆ ಈ ಕೈಮುಗಿದವರೆಲ್ಲ ಕಳಚಿಕೊಂಡು ಚರಂಡಿಗೆ ಬೀಳುತ್ತಾರೆ, ಚರಂಡಿ ಕಟ್ಟಿಕೊಳ್ಳುತ್ತದೆ, ನೀರು ನಮ್ಮ ಹೊಸಿಲಿಗೆ ಬರುತ್ತದೆ. ಅದನ್ನು ಪೊರಕೆಯಲ್ಲಿ ತಳ್ಳುತ್ತ ಎಲ್ಲರನ್ನೂ ಹೆಸರು ಹಿಡಿದು ಬೈಯುವುದು ನನ್ನ ಕೆಲಸ.

ಹೋದ ಕಾರ್ತೀಕದಲ್ಲಿ ಆ ಮುಖಗಳ ನಡುವೆ ನಮ್ಮ ಭಾವನೂ ಸೇರಿಕೊಂಡರು.

ನಾನು ಮಹತಿ, ಸಹಕಾರ ಸಂಘದ ಕಚೇರಿಯಲ್ಲಿ ಗುಮಾಸ್ತೆ. ಶ್ರೀವಲ್ಲಿ ನನ್ನ ಅಕ್ಕ, ಪ್ರಾಥಮಿಕ ಶಾಲೆಯಲ್ಲಿ ಟೀಚರು. ಭಾವ ವಾದಿರಾಜ ತಾಲ್ಲೂಕು ಕಚೇರಿಯಲ್ಲಿದ್ದರು. ಅವರಿಗೆ ಮಕ್ಕಳಿಲ್ಲ, ನನಗೆ ಮದುವೆಯಿಲ್ಲ. ಕೆಳಗಿನ ಮನೆಯಲ್ಲಿ ಅವರಿಬ್ಬರು, ಮಹಡಿಯ ಕೋಣೆಯಲ್ಲಿ ನಾನು, ಹೀಗೆ ವರ್ಷಗಳು ಕಳೆದಿದ್ದವು. ಭಾವ ಮೆತ್ತಗಿನ ಮನುಷ್ಯ. ಊಟಕ್ಕೆ ಕೂತರೆ ಮಾತ್ರ ಅವರಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಸಾರಿಗೆ ಹುಳಿ ಹೆಚ್ಚಾಯಿತು, ಪಲ್ಯಕ್ಕೆ ಉಪ್ಪು ಕಮ್ಮಿಯಾಯಿತು, ದಿನಕ್ಕೊಂದು ತಕರಾರು. ಅಕ್ಕನೂ ಬಿಡುತ್ತಿರಲಿಲ್ಲ. ಅದು ಅವರಿಬ್ಬರ ಸರಸ ಎಂದೇ ನಾನು ತಿಳಿದಿದ್ದೆ.

ಆ ಬೆಳಿಗ್ಗೆ ಅಕ್ಕ ಉಪ್ಪಿಟ್ಟು ಮಾಡಿದ್ದಳು. ಭಾವ ಒಂದು ತುತ್ತು ಬಾಯಿಗಿಟ್ಟು, "ಉಪ್ಪೇ ಹಾಕಿಲ್ವಲ್ಲೇ" ಅಂದರು.

"ದಿನಾ ಒಂದು ಹೆಸರಿಡ್ತೀರ. ತಿಂದ್ರೆ ತಿನ್ನಿ, ಬಿಟ್ರೆ ಬಿಡಿ" ಅಂದಳು ಅಕ್ಕ.

ಭಾವ ತಟ್ಟೆ ಸರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಮಧ್ಯಾಹ್ನಕ್ಕೆ ಮೊದಲೇ ಕಚೇರಿಯಿಂದ ಫೋನ್ ಬಂತು. ಕುರ್ಚಿಯಲ್ಲಿ ಕೂತವರು ಕೂತ ಹಾಗೇ ಹೋಗಿದ್ದರು. ಹೃದಯಾಘಾತ ಎಂದರು ಡಾಕ್ಟರು.

ಅಕ್ಕ ಅಳಲಿಲ್ಲ. ಕರ್ಮ ಮುಗಿಯುವ ತನಕ ಅವಳ ಬಾಯಲ್ಲಿ ಒಂದೇ ಮಾತು: "ಹಸ್ಕೊಂಡು ಹೋದ್ರು ಕಣೇ." ಪಿಂಡ ಇಟ್ಟಾಯಿತು, ಕಾಗೆ ಬಂದು ಮುಟ್ಟಿಯೂ ಆಯಿತು. ಗೌರಿಬಿದನೂರಿನಿಂದ ಬಂದಿದ್ದ ದೊಡ್ಡಮ್ಮ, "ನೋಡೇ, ತೃಪ್ತಿಯಾಯ್ತು ಅವನಿಗೆ" ಅಂದರು. ಅಕ್ಕ ತಲೆಯಾಡಿಸಿ, "ಅದು ಊರ ಕಾಗೆ ದೊಡ್ಡಮ್ಮ, ಯಾರ ಮನೇದಿಟ್ರೂ ತಿನ್ನುತ್ತೆ" ಅಂದುಬಿಟ್ಟಳು. ಬಂಧುಗಳು ಹೋದ ಮೇಲೆ ಅವಳ ಊಟವೂ ನಿಂತಿತು. ತಟ್ಟೆಯ ಮುಂದೆ ಕೂರುತ್ತಿದ್ದಳು, ಅನ್ನ ಕಲಸುತ್ತಿದ್ದಳು, ಕಲಸಿದ್ದನ್ನು ನೋಡುತ್ತ ಎದ್ದುಬಿಡುತ್ತಿದ್ದಳು. ಅವಳ ಬಳೆಗಳು ಮೊಣಕೈ ತನಕ ಜಾರತೊಡಗಿದವು.

ಭಾವನ ಕಚೇರಿಯ ಗೆಳೆಯರು ಪ್ರೀತಿಯಿಂದ ಪೋಸ್ಟರ್ ಹಾಕಿಸಿದ್ದರು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ನಡುವೆ ಗುರುತಿನ ಚೀಟಿಯ ಫೋಟೋ ದೊಡ್ಡದಾಗಿ, ಕೆಳಗೆ ಗೆಳೆಯರ ಸಣ್ಣ ಸಣ್ಣ ಮುಖಗಳು. ಫೋಟೋ ತೆಗೆಯುವವನು ‘ನಗಿ ಸಾರ್’ ಅಂದಾಗ ನಕ್ಕಂಥ ನಗು ಭಾವನದು. ಊರಲ್ಲೆಲ್ಲ ಅಂಟಿಸಿ, ನಮ್ಮ ಕಾಂಪೌಂಡಿನ ಗೋಡೆಗೂ ಒಂದೆರಡು ಅಂಟಿಸಿ ಹೋಗಿದ್ದರು. ನಮ್ಮ ಊರಿನ ಗೋಡೆಗೆ ಒಂದೇ ಒಂದು ಮರ್ಯಾದೆ ಇದೆ. ಸತ್ತವರ ಮುಖ ಯಾರೂ ಕೀಳುವುದಿಲ್ಲ, ಅದರ ಮೇಲೆ ಬೇರೆಯದು ಅಂಟಿಸುವುದೂ ಇಲ್ಲ. ಬದುಕಿರುವ ಎಂಥ ಪುಢಾರಿಯ ಮುಖದ ಮೇಲೂ ಬೋರ್‌ವೆಲ್ ಲಾರಿಯ ಚಿತ್ರ ಬರುತ್ತದೆ, ಸತ್ತವರು ಮಾತ್ರ ತಾವಾಗಿ ಬಣ್ಣ ಬಿಡುವ ತನಕ ಅಲ್ಲೇ ಇರುತ್ತಾರೆ.

ಧನುರ್ಮಾಸ ಬಂತು. ನಮ್ಮ ಕಡೆ ಆ ಚಳಿಗಾಲದ ಮಂಜು ಬೆಟ್ಟದಿಂದ ಇಳಿದು ಬೀದಿಯಲ್ಲಿ ಕೂತುಬಿಡುತ್ತದೆ, ಎದುರುಮನೆ ಕಾಣುವುದಿಲ್ಲ. ವರ್ಷದ ಮೈಲಿಗೆ ಇದ್ದುದರಿಂದ ನಮಗೆ ಆ ಸಲ ಹುಗ್ಗಿಯೂ ಇಲ್ಲ, ದೇವಸ್ಥಾನವೂ ಇಲ್ಲ. ಆದರೂ ಅಕ್ಕ ನಸುಕಿಗೇ ಎದ್ದು ಬಾಗಿಲು ತೆರೆದು ಕೂರುತ್ತಿದ್ದಳು. ಒಂದು ದಿನ ಕೆಳಗಿನಿಂದ ಪರಪರ ಎಂದು ಏನೋ ಹರಿಯುವ ಸದ್ದು ಕೇಳಿ ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಮಂಜಿನೊಳಗಿಂದ ಒಂದು ಕೆಂಪು ಹಸುವಿನ ತಲೆ ಮಾತ್ರ ಹೊರಗೆ ಬಂದಿತ್ತು. ಅದು ನಮ್ಮ ಗೋಡೆಯಿಂದ ಭಾವನ ಹಣೆಯನ್ನು ಎಳೆದು ಬಾಯಿಗೆ ತೆಗೆದುಕೊಳ್ಳುತ್ತಿತ್ತು. ಆಮೇಲೆ ಕಣ್ಣು, ಆಮೇಲೆ ಆ ನಗು. ಅಕ್ಕ ಒಂದು ಮಾರು ದೂರದಲ್ಲಿ ಶಾಲು ಹೊದ್ದು ನಿಂತಿದ್ದಳು, ಹಸುವನ್ನು ಓಡಿಸಲೇ ಇಲ್ಲ.

ನಾನು ದಡದಡ ಇಳಿದು ಬಂದೆ. "ಹೈ, ಹೈ" ಎಂದು ಕೈಯೆತ್ತಿದರೆ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಇರ್ಲಿ ಬಿಡೇ. ತಿನ್ತಾ ಇದಾರೆ."

"ಯಾರು?"

ಹಸು ನಿಧಾನವಾಗಿ, ರುಚಿ ನೋಡುವವರ ಹಾಗೆ, ದವಡೆ ತಿರುಗಿಸುತ್ತಿತ್ತು. ಭಾವನೂ ಹಾಗೇ ಅಗಿಯುತ್ತಿದ್ದರು ಎನ್ನುವುದು ಬೇಡವೆಂದರೂ ನನ್ನ ತಲೆಗೆ ಬಂತು.

"ಅಕ್ಕ, ಅದು ಮೈದಾ ಅಂಟಿನಾಸೆಗೆ ಕಾಗದ ತಿನ್ನುತ್ತೆ ಅಷ್ಟೇ" ಅಂದೆ.

"ಗೊತ್ತು ಕಣೇ. ನಾನೇನು ಓದಿಲ್ವಾ? ಮಕ್ಕಳಿಗೆ ನಾನೇ ಹೇಳ್ಕೊಡ್ತೀನಿ." ಶಾಲು ಎಳೆದುಕೊಂಡು ಹೇಳಿದಳು, "ಗೋಗ್ರಾಸ ಅಂತ ಮೊದಲ ತುತ್ತು ಹಸುವಿಗೆ ಯಾಕೆ ಇಡ್ತಾರೆ ಮತ್ತೆ? ಅದು ತಿಂದ್ರೆ ಯಾರಿಗೋ ಮುಟ್ಟುತ್ತೆ ಅಂತ ತಾನೆ?"

ಅವತ್ತು ಅಕ್ಕ ಒಳಗೆ ಹೋಗಿ, ಎರಡು ದೋಸೆ ಹುಯ್ದುಕೊಂಡು ಪೂರ್ತಿ ತಿಂದಳು. ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಹಸು ಊರಿನ ಎಲ್ಲ ಪುಢಾರಿಗಳನ್ನೂ ತಿಂದು ಹಾಕಲಿ ಅನ್ನಿಸಿತು.

ಹಸು ಆವುಲಪ್ಪನದು. ತೆಲುಗಿನಲ್ಲಿ ಆವು ಎಂದರೆ ಹಸು; ಹೆಸರೇನೋ ಹಸುಗಳ ಒಡೆಯನದು, ಆಸಾಮಿ ಓಡಿಸುವುದು ಆಟೋ. ಅದು ಕರುವಾಗಿದ್ದಾಗ ಅವನ ತಾಯಿ ದಿಬ್ಬೂರಹಳ್ಳಿಯಿಂದ ಹಿಡಿದುಕೊಂಡು ಬಂದಿದ್ದಳಂತೆ. ಕೆಂಪಗಿದ್ದುದರಿಂದ ತೆಲುಗಿನಲ್ಲಿ ಎರ್ರಮ್ಮ ಎಂದು ಕರೆಯುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಇವನಿಗೆ ಅದನ್ನು ಮಾರಲು ಮನಸ್ಸಿಲ್ಲ, ಮೇಯಿಸಲು ಪುರುಸೊತ್ತಿಲ್ಲ. ಹಿಂದೆ ಮೇಯುತ್ತಿದ್ದ ಕೆರೆಯಂಗಳದಲ್ಲಿ ಈಗ ಸೈಟಿನ ಕಲ್ಲು ನೆಟ್ಟಿದ್ದಾರೆ. ಹಾಗಾಗಿ ನಸುಕಿಗೆ ಹಗ್ಗ ಬಿಚ್ಚಿ ಬಿಡುತ್ತಿದ್ದ. ಎರ್ರಮ್ಮ ಬೀದಿ ಬೀದಿಯ ಗೋಡೆ ನೆಕ್ಕಿಕೊಂಡು, ತರಕಾರಿ ಸಿಪ್ಪೆಯ ಕವರು ಕಚ್ಚಿಕೊಂಡು ಸಂಜೆಗೆ ಮನೆ ಸೇರುತ್ತಿತ್ತು.

ನಮ್ಮ ಗೋಡೆಯ ಭಾವ ಖಾಲಿಯಾದರು. ಆಗ ಅಕ್ಕ ಮಾಡಿದ್ದು ಯಾರೂ ಮಾಡದ ಕೆಲಸ. ಬಜಾರಿನ ತನುಜಳ ಪ್ರಿಂಟಿಂಗ್ ಅಂಗಡಿಗೆ ಹೋಗಿ ಅದೇ ಫೋಟೋದ ಹೊಸ ಪೋಸ್ಟರ್ ಮಾಡಿಸಿಕೊಂಡು ಬಂದಳು. ಮಾಸಿಕಕ್ಕೆ ಎಂದು ಹೇಳಿದ್ದಳಂತೆ. ದಿನಾ ಸಂಜೆ ಒಲೆಯ ಮೇಲೆ ಮೈದಾ ಅಂಟು ಕಾಯಿಸುತ್ತಿದ್ದಳು, ಗಂಟಾಗದಂತೆ ತಿರುವುತ್ತಿದ್ದಳು. ಒಮ್ಮೆ ನಾನು ನೋಡುತ್ತಿರುವಾಗ ಉಪ್ಪಿನ ಭರಣಿಗೆ ಕೈ ಹಾಕಿದಳು. ಒಂದು ಚಿಟಿಕೆ ಹಾಕಿ, ಬೆರಳಿನ ತುದಿಯಿಂದ ನಾಲಿಗೆಗಿಟ್ಟು ನೋಡಿ, ಇನ್ನೊಂದು ಚಿಟಿಕೆ ಹಾಕಿದಳು.

"ಅಂಟಿಗೆ ಯಾರಾದ್ರೂ ಉಪ್ಪು ಹಾಕ್ತಾರೇನೇ?" ಎಂದು ನಗಲು ಹೋದೆ. ಅವಳು ಮತ್ತೊಮ್ಮೆ ನಾಲಿಗೆಗಿಟ್ಟು ನೋಡಿದಳು.

"ಇವತ್ತು ಸರಿಯಾಗಿದೆ" ಅಂದಳು ಅಕ್ಕ.

ಮೊದಲು ತಂದ ಪೋಸ್ಟರುಗಳ ಬಣ್ಣ ಇಬ್ಬನಿಗೆ ಇಳಿಯಿತು. ಬೆಳಗಾಗುವಷ್ಟರಲ್ಲಿ ಭಾವನ ಕಣ್ಣಿನ ಕಪ್ಪು ಕೆನ್ನೆಯ ಮೇಲೆ ಹರಿದು ಅವರು ಅತ್ತ ಹಾಗೆ ಕಾಣುತ್ತಿತ್ತು. ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಮತ್ತೆ ತನುಜಳ ಹತ್ತಿರ ಹೋಗಿ ನೀರು ತಾಗಿದರೂ ಏನೂ ಆಗದ, ಮಿರಮಿರ ಮಿಂಚುವ ಕಾಗದದಲ್ಲಿ ಹಾಕಿಸಿದಳು. ಈಗ ಎಂಥ ಮಂಜಿನಲ್ಲೂ ಭಾವ ನಗುತ್ತಲೇ ಇರುತ್ತಿದ್ದರು.

ಆ ದಿನಗಳನ್ನು ನೆನೆದರೆ ನನಗೆ ಈಗಲೂ ನಿದ್ದೆಯಲ್ಲಿ ನಡೆದ ಹಾಗೆ ಅನ್ನಿಸುತ್ತದೆ. ಬೆಳಕು ಹರಿಯುವ ಮೊದಲು ಮಂಜಿನಲ್ಲಿ ಗೊರಸಿನ ಸದ್ದು ಮೊದಲು ಬರುತ್ತಿತ್ತು, ಹಸು ಆಮೇಲೆ. ಎರ್ರಮ್ಮ ನೇರವಾಗಿ ನಮ್ಮ ಗೋಡೆಗೆ ಬಂದು, ಮೂಗಿನಿಂದ ಭಾವನ ಗಲ್ಲ ಮೂಸಿ, ಬೆಚ್ಚಗಿನ ಉಸಿರು ಬಿಡುತ್ತಿತ್ತು. ಕಾಗದದ ಮೇಲೆ ಆ ಉಸಿರು ಕೂತು ಭಾವನ ಮುಖ ಮಸುಕಾಗಿ ಮತ್ತೆ ತಿಳಿಯಾಗುತ್ತಿತ್ತು. ಅಕ್ಕ ಮೆಟ್ಟಿಲ ಮೇಲೆ ಕೂತು ಶಾಲೆಯ ಸುದ್ದಿ ಹೇಳುತ್ತಿದ್ದಳು. ಹೆಡ್‌ಮಾಸ್ತರರು ರಜೆ ಹಾಕಿದ್ದು, ಬಿಸಿಯೂಟದ ಬೇಳೆ ಬೇಯದೇ ಇದ್ದದ್ದು, ಎಲ್ಲ. ಹಸು ಮಧ್ಯೆ ಮಧ್ಯೆ ಕಿವಿ ಆಡಿಸುತ್ತಿತ್ತು. ನಾನು ಗೇಲಿ ಮಾಡುವವಳು, ಎಲ್ಲದಕ್ಕೂ ಕೊಂಕು ತೆಗೆಯುವವಳು. ಆದರೂ ಒಂದು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಹೊರಗೆ ಬಂದು, ಗೋಡೆಯ ಹತ್ತಿರ ಯಾರೋ ಅಗಿಯುವ ಸದ್ದು ಕೇಳಿ, "ಭಾವ, ಕಾಫಿ ಹಾಕ್ಲಾ?" ಅಂದುಬಿಟ್ಟಿದ್ದೆ. ಅಕ್ಕ ಮೆಲ್ಲಗೆ ನಕ್ಕಳು. ನನಗೆ ನಾಚಿಕೆಯೂ ಆಯಿತು, ಒಂದು ಥರ ಹಿತವೂ ಆಯಿತು.

ನಾನು ತಡೆಯಲಿಲ್ಲ. ಅಕ್ಕ ಉಣ್ಣುತ್ತಿದ್ದಳು, ಬಳೆಗಳು ಮತ್ತೆ ಮಣಿಕಟ್ಟಿಗೆ ಬಂದಿದ್ದವು. ನನಗೆ ಅಷ್ಟು ಸಾಕಾಗಿತ್ತು.

ಮಾಘಮಾಸ ಕಳೆಯುವ ಹೊತ್ತಿಗೆ ಎರ್ರಮ್ಮನ ಹೊಟ್ಟೆ ದಪ್ಪವಾಗುತ್ತ ಬಂತು. ಒಂದು ಭಾನುವಾರ ಆವುಲಪ್ಪ ಹಲ್ಲು ಕಿಸಿಯುತ್ತ ನಮ್ಮ ಗೇಟಿನ ಹತ್ತಿರ ಆಟೋ ನಿಲ್ಲಿಸಿದ.

"ಟೀಚರಮ್ಮಾ, ಒಳ್ಳೆ ಸುದ್ದಿ ಐತೆ. ನಮ್ಮ ಎರ್ರಮ್ಮ ಗಬ್ಬ ಆಗೈತೆ."

"ಹೌದೇನಪ್ಪ! ಯಾರು ನೋಡಿ ಹೇಳಿದ್ರು?"

"ನೋಡೋದೇನಮ್ಮ, ಹೊಟ್ಟೆ ಕಾಣ್ತಾ ಇಲ್ವಾ? ಬೀದಿ ಹೋರಿ ಹಿಂದೆ ಹೋಗಿತ್ತು ಕಾರ್ತೀಕದಾಗೆ. ನಿಮ್ಮ ಗೋಡೆ ತಾವ ನಿಂತು ನಿಂತೇ ಮೈ ಕೈ ತುಂಬ್ಕೊಂತು ನೋಡಿ."

ಕಾರ್ತೀಕ ಎಂಬ ಮಾತು ಅಕ್ಕನ ಕಿವಿಗೆ ಬಿದ್ದದ್ದನ್ನು ನಾನು ನೋಡಿದೆ. ಭಾವ ಹೋದ ತಿಂಗಳು. ಅವಳು ಒಳಗೆ ಹೋಗಿ ಬೆಲ್ಲದ ಅಚ್ಚು ತಂದು ಆವುಲಪ್ಪನ ಕೈಗಿಟ್ಟಳು. ಮಾರನೆಯ ಬೆಳಿಗ್ಗೆ ಹಸು ಬಂದಾಗ ಅದರ ಹೊಟ್ಟೆಗೆ ಕಿವಿಗೊಟ್ಟು ನಿಂತಳು.

"ಅಕ್ಕ, ಏನಾಗಿದೆ ನಿಂಗೆ?"

"ಕನಸು ಬಿತ್ತು ಕಣೇ. ಇವರು ಗೋಡೆಯೊಳಗೇ ನಡ್ಕೊಂಡು ಬರ್ತಾ ಇದ್ರು. ಉದ್ದಕ್ಕೆ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ. ನಮ್ಮ ಗೇಟಿನ ಹತ್ರ ಗೋಡೆ ಮುಗೀತಲ್ಲ, ಅಲ್ಲಿ ಇಳಿದ್ರು. ಇಳಿಯೋವಾಗ ನಾಲ್ಕು ಕಾಲಿತ್ತು." ಅವಳು ಹೊಟ್ಟೆಯಿಂದ ಕಿವಿ ತೆಗೆಯಲಿಲ್ಲ. "ಎಳೇ ಕಾಲು. ನಡುಗ್ತಾ ಇತ್ತು."

ಮಕ್ಕಳಿಲ್ಲದ ನನ್ನ ಅಕ್ಕ ಒಂದು ಕರುವಿನ ದಾರಿ ಕಾಯುತ್ತಿದ್ದಳು. ಆ ಕರುವಿಗೆ ಅವಳು ಯಾವ ಹೆಸರಿಡುತ್ತಾಳೆಂದು ನನಗೆ ಗೊತ್ತಿತ್ತು. ಅವತ್ತಿನಿಂದ ಅವಳು ಒಂದು ಪೋಸ್ಟರಿನ ಬದಲು ಎರಡು ಅಂಟಿಸತೊಡಗಿದಳು, ಎರಡು ಜೀವ ಎಂದು.

ಶಿವರಾತ್ರಿ ಕಳೆದು ಬಿಸಿಲು ಶುರುವಾಯಿತು, ಮಂಜು ಹೋಯಿತು. ಒಂದು ಬೆಳಿಗ್ಗೆ ಅಕ್ಕ ಕಾದು ಕಾದು ಶಾಲೆಗೆ ಹೊರಟ ಮೇಲೆ ಎರ್ರಮ್ಮ ತಡವಾಗಿ ಬಂದು ಗೋಡೆಯ ಮುಂದೆ ನಿಂತಿತು, ಮೂಸಿತು, ಬಾಯಿ ಹಾಕಲಿಲ್ಲ. ಹಲ್ಲು ಕಡಿಯುತ್ತ ಸ್ವಲ್ಪ ಹೊತ್ತು ನಿಂತು ವಾಪಸ್ ಹೋಯಿತು. ಭಾವ ಹಗಲಿನಲ್ಲೂ ಗೋಡೆಯ ಮೇಲೇ ಉಳಿದರು. ಅಕ್ಕ ಶಾಲೆಯಿಂದ ಬಂದವಳೇ ಅದನ್ನು ನೋಡಿ ಗಾಬರಿಯಾದಳು.

"ಯಾಕೇ ತಿನ್ಲಿಲ್ಲ? ಉಪ್ಪು ಸರಿಯಾಗೇ ಹಾಕಿದ್ನಲ್ಲೇ?"

"ಅಕ್ಕ, ಹಸುವಿಗೆ ಹುಷಾರಿಲ್ಲ ಅನ್ಸುತ್ತೆ" ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. "ಮತ್ತೆ ಮುನಿಸಿಕೊಂಡ್ರು" ಎನ್ನುತ್ತ ಚಪ್ಪಲಿಯನ್ನೂ ಹಾಕದೆ ಆವುಲಪ್ಪನ ಮನೆಯ ಕಡೆ ನಡೆದಳು. ನಾನು ಹಿಂದೆ ಓಡಿದೆ.

ಎರ್ರಮ್ಮ ಅಂಗಳದಲ್ಲಿ ಮಲಗಿತ್ತು. ಹೊಟ್ಟೆ ಎಡಕ್ಕೆ ಉಬ್ಬಿ ನಿಂತಿತ್ತು, ಮೆಲುಕು ನಿಂತುಹೋಗಿತ್ತು, ಉಸಿರಿಗೊಮ್ಮೆ ನರಳುತ್ತಿತ್ತು. ಆವುಲಪ್ಪ ಹೆರಿಗೆ ನೋವೆಂದು ತಿಳಿದು ಬಿಸಿನೀರು ಕಾಯಿಸುತ್ತಿದ್ದ. ತಿಂಗಳು ತುಂಬದೆ ಹೆರಿಗೆ ಹೇಗಾಗುತ್ತದಪ್ಪಾ ಎಂದು ಬೈದು ನಾನು ಪಶುವೈದ್ಯರಿಗೆ ಫೋನ್ ಮಾಡಿದೆ. ಡಾಕ್ಟರ್ ಮುರಳಿಮೋಹನ್ ಬೈಕಿನಲ್ಲಿ ಬಂದರು. ಉದ್ದನೆಯ ಗವುಸು ಹಾಕಿಕೊಂಡು ಒಳಗೆ ಕೈಯಾಡಿಸಿ ನೋಡಿದರು. ಅಕ್ಕ ಎರಡೂ ಕೈ ಜೋಡಿಸಿ ಅವರ ಬಾಯನ್ನೇ ನೋಡುತ್ತಿದ್ದಳು.

"ಗಬ್ಬ ಇಲ್ಲಮ್ಮ ಇದು" ಅಂದರು ಡಾಕ್ಟರು.

"ಸರಿಯಾಗಿ ನೋಡಿ ಡಾಕ್ಟ್ರೇ" ಅಂದಳು ಅಕ್ಕ.

"ನೋಡಿದೆನಮ್ಮ. ಗರ್ಭಕೋಶ ಖಾಲಿ." ಅವರು ಎಡಹೊಟ್ಟೆಯನ್ನು ಬೆರಳಿನಿಂದ ಒತ್ತಿ ತೋರಿಸಿದರು. ಒತ್ತಿದ ಗುಳಿ ಕಲಸಿಟ್ಟ ಹಿಟ್ಟಿನಲ್ಲಿ ಉಳಿಯುವಂತೆ ಹಾಗೇ ಉಳಿಯಿತು. "ಇಲ್ಲಿ ಸೇರ್ಕೊಂಡಿರೋದು ಕಸ. ಪ್ಲಾಸ್ಟಿಕ್ಕು, ಫ್ಲೆಕ್ಸು, ಪೋಸ್ಟರು. ಈ ಊರಲ್ಲಿ ನಾನು ನೋಡೋ ಹಸುಗಳ ಹೊಟ್ಟೇಲಿ ಹುಲ್ಲಿಗಿಂತ ಇದೇ ಜಾಸ್ತಿ. ಕೊಯ್ದು ತೆಗೀಬೇಕು, ಇಲ್ದಿದ್ರೆ ಉಳಿಯಲ್ಲ. ತೆಗೆದ್ರೂ ಗ್ಯಾರಂಟಿ ಕೊಡಲ್ಲ."

ಆವುಲಪ್ಪ ಗೋಡೆಗೊರಗಿ ಕುಸಿದು ಕೂತ. "ಅಮ್ಮನ ಹಸು ಸಾರ್" ಎಂದಷ್ಟೇ ಅಂದ. ಅಕ್ಕನ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಗಿತ್ತು.

ಮಾರನೆಯ ಬೆಳಿಗ್ಗೆ ಅದೇ ಅಂಗಳದಲ್ಲಿ, ಹಸುವನ್ನು ನಿಲ್ಲಿಸಿಕೊಂಡೇ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎಡಪಕ್ಕೆ ಕೊಯ್ದರು. ಅಕ್ಕ ಅದರ ಮುಂದೆ ನಿಂತು ಕೊಂಬು ಹಿಡಿದುಕೊಂಡಿದ್ದಳು. ಬೇಡವೆಂದರೂ ಕೇಳಲಿಲ್ಲ. ಡಾಕ್ಟರು ಮೊಣಕೈ ತನಕ ಕೈ ಹಾಕಿ ಬೊಗಸೆ ಬೊಗಸೆಯಾಗಿ ಹೊರಗೆ ತೆಗೆದರು. ಹಾಲಿನ ಕವರು. ಗಂಟು ಹಾಕಿದ್ದ ಚಟ್ನಿಯ ಪೊಟ್ಟಣ, ಒಳಗೆ ಚಟ್ನಿ ಇನ್ನೂ ಇತ್ತು. ಫ್ಲೆಕ್ಸಿನ ಪಟ್ಟಿಗಳು, ಹಗ್ಗ. ಒಂದಕ್ಕೊಂದು ಹೊಸೆದುಕೊಂಡು ಜಡೆಯಾಗಿದ್ದವು. ಅಂಗಳದಲ್ಲಿ ರಾಶಿ ಬೆಳೆಯಿತು, ನಾತಕ್ಕೆ ನಾನು ಸೆರಗು ಮೂಗಿಗಿಟ್ಟುಕೊಂಡೆ. ಹುಟ್ಟುಹಬ್ಬದವನೊಬ್ಬನ ಕಪ್ಪು ಕನ್ನಡಕ ರಾಶಿಯಿಂದ ಇಣುಕುತ್ತಿತ್ತು. ಈ ದರಿದ್ರ ಮುಖಗಳನ್ನೆಲ್ಲ ಒಂದು ಮೂಕಪ್ರಾಣಿ ಹೊಟ್ಟೆಯಲ್ಲಿ ಹೊರಬೇಕಾಯಿತಲ್ಲ ಎಂದು ನನಗೆ ಇಡೀ ಊರಿನ ಮೇಲೆ ಸಿಟ್ಟು ಬಂತು.

ಆಮೇಲೆ ಡಾಕ್ಟರ ಕೈಗೆ ದಪ್ಪನೆಯ ಉಂಡೆಯೊಂದು ಬಂತು. ನೆಲಕ್ಕೆ ಹಾಕಿದಾಗ ಅದು ತಾನಾಗಿ ಮೆಲ್ಲಗೆ ಬಿಚ್ಚಿಕೊಂಡಿತು. ಮಿರಮಿರ ಮಿಂಚುವ ಕಾಗದ. ಅಲ್ಲಿ ಭಾವ ಇದ್ದರು. ಒಂದು ಪದರದಲ್ಲಿ ಕಣ್ಣು, ಒಂದು ಪದರದಲ್ಲಿ ಹಣೆ, ಮೇಲೆ ಆ ನಗು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಕೆಳಗಿನ ಉಂಡೆಯಲ್ಲೂ ಅವರೇ, ಅದರ ಕೆಳಗೂ ಅವರೇ.

"ಇದೇ ನೋಡಿ" ಅಂದರು ಡಾಕ್ಟರು. ಯಾರ ಮುಖವೆಂದು ಅವರಿಗೆ ಗೊತ್ತಿರಲಿಲ್ಲ. "ಬರೀ ಕಾಗದ ಆದ್ರೆ ಹೇಗೋ ಕರಗುತ್ತೆ. ಇದಕ್ಕೆ ಪ್ಲಾಸ್ಟಿಕ್ ಮೆತ್ತಿರ್ತಾರೆ. ವರ್ಷ ಇಟ್ರೂ ಜೀರ್ಣ ಆಗಲ್ಲ."

ಅಕ್ಕ ಕೊಂಬು ಬಿಡಲಿಲ್ಲ. ಹಸುವಿನ ಹಣೆಗೆ ಹಣೆ ತಾಗಿಸಿ ನಿಂತಳು. "ಒಂದು ತುತ್ತೂ ಮುಟ್ಟಿಲ್ಲ ಕಣೇ ಮಹತಿ ಅವರಿಗೆ" ಅಂದಳು. ಮತ್ತೆ, "ಅವರ ಹಸಿವು ಅಂದ್ಕೊಂಡು ನನ್ನ ಹಸಿವನ್ನ ಇದರ ಹೊಟ್ಟೆಗೆ ತುರುಕಿದೆ" ಅಂದಳು. ಆಗ ಅತ್ತಳು. ಭಾವ ಹೋದಾಗ ಅಳದಿದ್ದವಳು ಹಸುವಿನ ಕೊರಳಿಗೆ ಜೋತು ಅತ್ತಳು. ಆವುಲಪ್ಪ ಏನೂ ತಿಳಿಯದೆ ನನ್ನ ಮುಖ ನೋಡಿದ. ನಾನು ಅವನಿಗೆ ಎಲ್ಲ ಹೇಳಿದೆ. ಅವನು ಸಿಟ್ಟಾಗುತ್ತಾನೆಂದುಕೊಂಡಿದ್ದೆ, ಅವನು ಟವೆಲಿನಿಂದ ಮುಖ ಒರೆಸಿಕೊಂಡು, "ನಾನೂ ಕರು ಅಂತ ಕನಸು ಕಂಡ್ನಲ್ಲಮ್ಮ" ಅಂದ.

ಹೊಲಿಗೆ ಹಾಕಿ ಹೊರಡುವಾಗ ಡಾಕ್ಟರು, ಮೆಲುಕು ಹಾಕಿದರೆ ಬದುಕಿತೆಂದು ತಿಳಿಯಿರಿ ಅಂದರು. ಅಕ್ಕ ರಜೆ ಹಾಕಿ ಅಲ್ಲೇ ಕೂತಳು. ಡಾಕ್ಟರು ಹೇಳಿದಂತೆ ಗಂಜಿ ಕುಡಿಸಿದಳು, ನೊಣ ಓಡಿಸಿದಳು. ಎರಡು ದಿನ ಎರ್ರಮ್ಮ ಕಲ್ಲಿನ ಹಾಗೆ ನಿಂತಿತ್ತು. ಮೂರನೆಯ ದಿನ ಬಿಸಿಲೇರುವ ಹೊತ್ತಿಗೆ ಅದರ ಗಂಟಲಲ್ಲಿ ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಏರಿದ್ದು ಕಾಣಿಸಿತು. ದವಡೆ ಒಮ್ಮೆ ಓರೆಯಾಗಿ ತಿರುಗಿತು, ಇನ್ನೊಮ್ಮೆ ತಿರುಗಿತು. ನಾವು ಮೂವರೂ ಉಸಿರು ಬಿಗಿಹಿಡಿದು ಆ ದವಡೆಯನ್ನೇ ನೋಡುತ್ತ ನಿಂತೆವು.

"ಇನ್ನು ಇದನ್ನ ಬೀದಿಗೆ ಬಿಡ್ಬೇಡಪ್ಪ, ಹುಲ್ಲು ನಾನು ಕೊಡಿಸ್ತೀನಿ" ಅಂದಳು ಅಕ್ಕ.

"ಕಟ್ಟಿ ಹಾಕಿ ಎಷ್ಟು ದಿನ ಸಾಕಲಮ್ಮ? ನೀವು ಹುಲ್ಲು ಕೊಡಿಸ್ತೀರ ಸರಿ. ಗಾಯ ಮಾಯ್ದ ಮೇಲೆ ಹಗ್ಗ ಕಿತ್ಕೊಂಡಾದ್ರೂ ಹೋಗ್ತೈತೆ. ಅದಕ್ಕೆ ಗೋಡೆ ರುಚಿ ಹತ್ತೈತೆ."

ಅಕ್ಕ ಮನೆಗೆ ಬಂದು ಬಕೆಟ್, ಚಿಂದಿಬಟ್ಟೆ, ಈಳಿಗೆಯ ಹಳೆಯ ಅಲಗು, ಒಂದು ಗೋಣಿಚೀಲ ತೆಗೆದುಕೊಂಡಳು. ಮೊದಲು ನಮ್ಮ ಕಾಂಪೌಂಡು. ಆಮೇಲೆ ಎರ್ರಮ್ಮ ದಿನಾ ಹೋಗುತ್ತಿದ್ದ ದಾರಿ ಹಿಡಿದು ಒಂದೊಂದೇ ಗೋಡೆ. ದಿನಾ ಬೆಳಿಗ್ಗೆ ಶಾಲೆಯ ಹೊತ್ತಿಗೆ ಮೊದಲು ನೀರು ಹಚ್ಚುವುದು, ನೆನೆಯಲು ಬಿಡುವುದು, ಕೆರೆಯುವುದು. ನಾನೂ ಜೊತೆಗೆ ನಿಂತೆ. ಹುಟ್ಟುಹಬ್ಬದ ಕಡೆಯವರು ಜಗಳಕ್ಕೆ ಬಂದರು, ಅವರಿಗೆ ಉತ್ತರ ಕೊಡುವ ಕೆಲಸವನ್ನು ನಾನು ಬಹಳ ಖುಷಿಯಿಂದ ವಹಿಸಿಕೊಂಡೆ. ಕೆಲವರು ಹುಚ್ಚು ಅಂದರು. ಕೆಲವು ಮನೆಯವರು ತಮ್ಮ ಗೋಡೆ ತಾವೇ ಕೆರೆದುಕೊಂಡರು. ಭಾವನ ಮುಖ ಸಿಕ್ಕಲ್ಲೆಲ್ಲ ನಾನು ಪಕ್ಕಕ್ಕೆ ಸರಿದು ಅಕ್ಕನಿಗೆ ಬಿಡುತ್ತಿದ್ದೆ.

ಕೊನೆಗೆ ಉಳಿದದ್ದು ತಾಲ್ಲೂಕು ಕಚೇರಿಯ ಹಿಂದಿನ ಗೋಡೆ. ಗೆಳೆಯರು ಮೊದಲು ಅಂಟಿಸಿದ್ದ ಪೋಸ್ಟರುಗಳಲ್ಲಿ ಒಂದು ಸೂರಿನ ಮರೆಯಲ್ಲಿ ಹಾಗೇ ಇತ್ತು. ಆಮೇಲೆ ಬಂದವರೆಲ್ಲ ಭಾವನಿಗೆ ಜಾಗ ಬಿಟ್ಟು ಸುತ್ತ ಅಂಟಿಸಿದ್ದರು. ಅಕ್ಕ ಬಟ್ಟೆ ಅದ್ದಿ ಅವರ ಹಣೆಗೆ, ಕೆನ್ನೆಗೆ, ಗಲ್ಲಕ್ಕೆ ಮೆಲ್ಲಗೆ ನೀರು ಒತ್ತಿದಳು. ಸೊಪ್ಪಿನ ಗಾಡಿ ತಳ್ಳಿಕೊಂಡು ಬಂದ ಮುದುಕರೊಬ್ಬರು ನಿಂತರು.

"ಏಮಮ್ಮಾ, ಸತ್ತೋರ ಮುಖ ಕೀಳ್ತೀಯಲ್ಲ! ಅವರ ಮನೆಯೋರು ನೋಡಿದ್ರೆ ಎಷ್ಟು ನೊಂದ್ಕೊಂತಾರೆ?"

"ಮನೆಯೋಳು ನಾನೇ ಕಣಪ್ಪಾ" ಅಂದಳು ಅಕ್ಕ.

ಮುದುಕರು ತಲೆಯ ಮೇಲಿನ ಟವೆಲು ತೆಗೆದು ನಿಂತರು. ಅಕ್ಕ ಮೂಲೆಯಿಂದ ಅಲಗು ಹಾಕಿ, ಅವಸರ ಮಾಡದೆ ಬಿಡಿಸುತ್ತ ಬಂದಳು. ಕಾಗದ ಎಲ್ಲೂ ಹರಿಯದೆ ಇಡಿಯಾಗಿ ಬಂತು. ಅವಳು ಅದನ್ನು ನನ್ನ ಕೈಗೆ ಕೊಟ್ಟಳು. ಒದ್ದೆಯಾಗಿ, ತಣ್ಣಗೆ, ಭಾವ ನನ್ನ ಅಂಗೈ ಮೇಲೆ ಮಲಗಿದ್ದರು. ಊರಿನಲ್ಲಿ ಇನ್ನು ಅವರ ಮುಖ ಎಲ್ಲೂ ಇರಲಿಲ್ಲ. ಇಷ್ಟು ದಿನ ಎಲ್ಲದಕ್ಕೂ ಕೊಂಕು ಮಾತಾಡಿದ ನನ್ನ ಕಣ್ಣಿಂದ ನೀರು ಸುರಿಯತೊಡಗಿತು.

"ಅಕ್ಕ, ಇದೊಂದು ಇರ್ಲಿ. ನಾನಿಟ್ಕೋತೀನಿ."

ಅಕ್ಕ ಕೈ ಒರೆಸಿಕೊಳ್ಳುತ್ತ ನನ್ನನ್ನು ನೋಡಿದಳು.

"ಏನ್ ಹಾಕಿ ಸಾಕ್ತೀಯೇ ಇದನ್ನ?" ಅಂದಳು.

ಅವಳು ಚೀಲದ ಬಾಯಿ ಅಗಲಿಸಿ ಹಿಡಿದಳು. ನಾನು ಭಾವನನ್ನು ಮಡಿಸದೆ ಒಳಗಿಟ್ಟೆ. ಚೀಲ ನೀರು ಕುಡಿದು ಭಾರವಾಗಿತ್ತು. ಒಂದು ತುದಿ ಅವಳು ಹಿಡಿದಳು, ಒಂದು ತುದಿ ನಾನು ಹಿಡಿದೆ.